ನಾಯಕನನ್ನೇ ಹಿಡಿದೊಯ್ದು ಕಟಕಟೆಗೆ ನಿಲ್ಲಿಸಿದರೆ: ಕಾನೂನು ಏನನ್ನುತ್ತದೆ?

1989ರ ಡಿಸೆಂಬರ್ 24ರಂದು ಪನಾಮಾ ನಗರದ ವ್ಯಾಟಿಕನ್ ರಾಯಭಾರ ಕಚೇರಿಗೆ ಆ ದೇಶದ ಸೇನಾ ಮುಖ್ಯಸ್ಥ ಜನರಲ್ ಮ್ಯಾನುಯೆಲ್ ನೊರಿಯೆಗಾ ಬಂದು ಆಶ್ರಯ ಕೇಳಿದ. ನಾಲ್ಕು ದಿನ ಮುಂಚೆ ದೇಶದೊಳಗೆ ನುಗ್ಗಿದ್ದ ಅಮೆರಿಕದ ಸೇನೆ ಆತನಿಗಾಗಿ ಮೂಲೆಮೂಲೆ ಜಾಲಾಡುತ್ತಿತ್ತು. ಆತ ಎಲ್ಲಿದ್ದಾನೆಂದು ಗೊತ್ತಾದ ಮೇಲೂ ಸೈನಿಕರು ಒಳಗೆ ಕಾಲಿಡಲಿಲ್ಲ. ರಾಯಭಾರ ಕಚೇರಿಯ ಆವರಣವನ್ನು ಯಾರೂ ಅತಿಕ್ರಮಿಸುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ಕಾನೂನಿನ ಕಟ್ಟುನಿಟ್ಟಾದ ನಿಯಮ. ಹಾಗಾಗಿ ಅವರು ಹೊರಗೆ ಧ್ವನಿವರ್ಧಕಗಳನ್ನು ಇಟ್ಟು ಕಿವಿಗಡಚಿಕ್ಕುವ ರಾಕ್ ಸಂಗೀತ ಹಚ್ಚಿದರು. 1990ರ ಜನವರಿ 3ರ ರಾತ್ರಿ ನೊರಿಯೆಗಾ ಸಮವಸ್ತ್ರ ತೊಟ್ಟು ಹೊರಬಂದು ಶರಣಾದ. ಅಲ್ಲಿಂದ ವಿಮಾನ ಹೊರಟಿದ್ದು ಮಾದಕವಸ್ತು ಪ್ರಕರಣ ಕಾದಿದ್ದ ಮಯಾಮಿಗೆ.

ಒಂದು ದೇಶದ ಗಡಿ ದಾಟುವಾಗ ಅಡ್ಡ ಬಾರದ ಕಾನೂನು ಒಂದು ಕಾಂಪೌಂಡ್ ಗೋಡೆಯ ಮುಂದೆ ಅಡ್ಡ ಬಂತು! ಈ ವಿಚಿತ್ರ ಅರ್ಥವಾದರೆ ಇಡೀ ವಿಷಯದ ಅರ್ಧ ಅರ್ಥವಾದಂತೆ.

ಸರಿಯಾಗಿ 36 ವರ್ಷಗಳ ನಂತರ, 2026ರ ಜನವರಿ 3ರಂದು, ಅಮೆರಿಕದ ಪಡೆಗಳು ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ ದಾಳಿ ನಡೆಸಿ ನಿಕೊಲಾಸ್ ಮಡೂರೊ ಮತ್ತು ಅವರ ಪತ್ನಿಯನ್ನು ಹಿಡಿದು ನ್ಯೂಯಾರ್ಕಿಗೆ ಕರೆದೊಯ್ದವು. ಮಾದಕವಸ್ತು ಸಾಗಣೆಯ ಸಂಚಿನ ಆರೋಪ. ಎರಡು ದಿನಗಳಲ್ಲಿ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು, ಮಡೂರೊ ತಪ್ಪೊಪ್ಪಿಕೊಳ್ಳಲಿಲ್ಲ. ಅಂದಿನಿಂದ ಎಲ್ಲೆಡೆ ಕೇಳಿಬರುವ ಪ್ರಶ್ನೆ ಒಂದೇ: ಇದು ಕಾನೂನುಬದ್ಧವೇ?

ಕೇಳಲು ಒಂದು ಪ್ರಶ್ನೆಯಾದರೂ ಬಿಡಿಸಿ ನೋಡಿದರೆ ಅದರಲ್ಲಿ ಮೂರಿವೆ. ಬೇರೆಯವರ ನೆಲಕ್ಕೆ ಹೋಗಿ ಹಿಡಿಯುವ ಹಕ್ಕು ಇತ್ತೇ? ಹೇಗೋ ಹಿಡಿದು ತಂದಾಗಿದೆ, ಈಗ ಇಲ್ಲಿನ ನ್ಯಾಯಾಲಯ ವಿಚಾರಣೆ ನಡೆಸಬಹುದೇ? ಆರೋಪಿ ಒಂದು ದೇಶದ ಮುಖ್ಯಸ್ಥ ಎಂಬ ಕಾರಣಕ್ಕೆ ಆತನಿಗೆ ರಕ್ಷಣೆ ಇದೆಯೇ? ಮೊದಲನೆಯದು ದೇಶ ದೇಶಗಳ ನಡುವಿನ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಕೊಡುವುದು ಹಿಡಿದು ತಂದ ದೇಶದ ನ್ಯಾಯಾಧೀಶರು. ಮೂರನೆಯದು ಈ ಎರಡರ ಮಧ್ಯೆ ಸಿಕ್ಕಿಬಿದ್ದಿದೆ. ಮೊದಲನೆಯದಕ್ಕೆ ಖಂಡಿತ ಇಲ್ಲ, ಎರಡನೆಯದಕ್ಕೆ ಹೌದು ಎಂಬ ಉತ್ತರಗಳು ಒಟ್ಟಿಗೇ ಬರಬಹುದು, ಬಂದೂ ಇವೆ. ಟಿವಿ ಚರ್ಚೆಗಳಲ್ಲಿ ಇಬ್ಬರು ವಕೀಲರು ಒಬ್ಬರ ಮೇಲೊಬ್ಬರು ಕೂಗಾಡುವಾಗ ಬಹಳ ಸಲ ಇಬ್ಬರೂ ಸರಿಯಾಗಿಯೇ ಮಾತಾಡುತ್ತಿರುತ್ತಾರೆ, ಬೇರೆ ಬೇರೆ ಪ್ರಶ್ನೆಗಳ ಬಗ್ಗೆ.

ವಾರಂಟಿನ ಶಕ್ತಿ ಗಡಿಯವರೆಗೆ

ಮೊದಲು ನೆಲದ ಪ್ರಶ್ನೆ. ಕಾನೂನು ಮಾಡುವ ಅಧಿಕಾರ ಬೇರೆ, ಅದನ್ನು ಜಾರಿ ಮಾಡುವ ಅಧಿಕಾರ ಬೇರೆ. ಕರಾಕಸ್‌ನಲ್ಲಿ ಕುಳಿತು ಅಮೆರಿಕಕ್ಕೆ ಕೊಕೇನ್ ಕಳಿಸಲು ಸಂಚು ಮಾಡಿದವನನ್ನು ಅಪರಾಧಿ ಎಂದು ಸಾರುವ ಕಾನೂನನ್ನು ಅಮೆರಿಕ ಮಾಡಬಹುದು. ಪರಿಣಾಮ ತನ್ನ ನೆಲದ ಮೇಲೆ ಆಗುವಾಗ ದೂರದ ಕೃತ್ಯವನ್ನೂ ಶಿಕ್ಷಾರ್ಹ ಮಾಡುವ ಪದ್ಧತಿಯನ್ನು ಬಹುತೇಕ ದೇಶಗಳು ಒಪ್ಪಿವೆ. ಆದರೆ ಆ ಕಾನೂನನ್ನು ಕೈಯಲ್ಲಿ ಹಿಡಿದು ಪೊಲೀಸರನ್ನೋ ಸೈನಿಕರನ್ನೋ ಕರಾಕಸ್‌ಗೆ ಕಳಿಸುವಂತಿಲ್ಲ. 1927ರಲ್ಲಿ ‘ಲೋಟಸ್’ ಎಂಬ ಫ್ರೆಂಚ್ ಹಡಗಿನ ಪ್ರಕರಣದಲ್ಲಿ ಹೇಗ್‌ನ ಅಂದಿನ ಅಂತರರಾಷ್ಟ್ರೀಯ ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ಹೇಳಿತು: ಅನುಮತಿ ಕೊಡುವ ನಿಯಮ ಬೇರೆ ಇಲ್ಲದಿದ್ದರೆ ಒಂದು ದೇಶ ಇನ್ನೊಂದರ ನೆಲದಲ್ಲಿ ತನ್ನ ಅಧಿಕಾರವನ್ನು ಯಾವ ರೂಪದಲ್ಲೂ ಚಲಾಯಿಸುವಂತಿಲ್ಲ. ಅದೇ ತೀರ್ಪು ಕಾನೂನು ಮಾಡುವ ವಿಷಯದಲ್ಲಿ ದೇಶಗಳಿಗೆ ಸಾಕಷ್ಟು ಸ್ವಾತಂತ್ರ್ಯ ಕೊಟ್ಟಿತು. ಹಾಗೆ ಉದಾರವಾಗಿದ್ದ ತೀರ್ಪೂ ಗಡಿಯ ವಿಷಯಕ್ಕೆ ಬಂದಾಗ ಸಡಿಲವಾಗಲಿಲ್ಲ.

ಇದು ಪೊಲೀಸರು ಕದ್ದು ಬಂದು ಹಿಡಿದರೂ ಅನ್ವಯಿಸುವ ಮಾತು. ಸೇನೆಯೇ ಬಂದರೆ ಇನ್ನೊಂದು ನಿಯಮ ಸೇರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 4ನೇ ಉಪವಿಧಿ ಇನ್ನೊಂದು ದೇಶದ ಪ್ರಾದೇಶಿಕ ಸಮಗ್ರತೆ ಅಥವಾ ರಾಜಕೀಯ ಸ್ವಾತಂತ್ರ್ಯದ ವಿರುದ್ಧ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಇದಕ್ಕೆ ಸನ್ನದು ಕೊಡುವ ವಿನಾಯಿತಿಗಳು ಎರಡೇ: ಭದ್ರತಾ ಮಂಡಳಿಯ ಅನುಮತಿ, ಅಥವಾ ಸಶಸ್ತ್ರ ದಾಳಿ ನಡೆದಾಗ 51ನೇ ವಿಧಿಯಡಿ ಆತ್ಮರಕ್ಷಣೆ. ಇವುಗಳ ಜೊತೆಗೆ, ಆ ದೇಶದ ಸರ್ಕಾರವೇ ಬನ್ನಿ ಎಂದು ಕರೆದರೆ ಅದು ಅತಿಕ್ರಮಣ ಎನಿಸುವುದಿಲ್ಲ.

1989ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಪನಾಮಾ ದಾಳಿಗೆ ನಾಲ್ಕು ಕಾರಣ ಕೊಟ್ಟರು: ಅಲ್ಲಿದ್ದ ಸುಮಾರು 35,000 ಅಮೆರಿಕನ್ನರ ರಕ್ಷಣೆ, ಪ್ರಜಾಪ್ರಭುತ್ವದ ರಕ್ಷಣೆ, ಮಾದಕವಸ್ತು ಸಾಗಣೆಯ ವಿರುದ್ಧ ಹೋರಾಟ, ಪನಾಮಾ ಕಾಲುವೆ ಒಪ್ಪಂದದ ರಕ್ಷಣೆ. ಮೊದಲನೆಯದರಲ್ಲಿ ಒಂದಿಷ್ಟು ಹುರುಳಿತ್ತು. ಡಿಸೆಂಬರ್ 16ರಂದು ಪನಾಮಾ ಸೈನಿಕರು ಅಮೆರಿಕದ ಒಬ್ಬ ಮರೀನ್ ಅಧಿಕಾರಿಯನ್ನು ಗುಂಡಿಕ್ಕಿ ಕೊಂದಿದ್ದರು. ಹಾಗಂತ ಒಬ್ಬ ಅಧಿಕಾರಿಯ ಕೊಲೆಗೆ ಸುಮಾರು 27,000 ಸೈನಿಕರ ಕಾರ್ಯಾಚರಣೆ, ಸರ್ಕಾರವನ್ನೇ ಬದಲಿಸುವುದು ಆತ್ಮರಕ್ಷಣೆಯ ಅಳತೆಯೊಳಗೆ ಬರುತ್ತದೆಯೇ? ಜಗತ್ತಿನ ಬಹುಪಾಲು ದೇಶಗಳು ಒಪ್ಪಲಿಲ್ಲ. ಡಿಸೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದನ್ನು ಅಂತರರಾಷ್ಟ್ರೀಯ ಕಾನೂನಿನ ಘೋರ ಉಲ್ಲಂಘನೆ ಎಂದು ಖಂಡಿಸಿತು. ಪರ 75, ವಿರುದ್ಧ 20, ತಟಸ್ಥ 40. ಭದ್ರತಾ ಮಂಡಳಿಯಲ್ಲಿ ಅಂಥದ್ದೇ ನಿರ್ಣಯ ಬಂದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ವಿಟೊ ಚಲಾಯಿಸಿದವು.

ಅಮೆರಿಕದ ಕೈಯಲ್ಲಿ ಇನ್ನೊಂದು ವಾದವಿತ್ತು: ಆಹ್ವಾನ. ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಗಿಲೆರ್ಮೊ ಎಂಡಾರಾ ಗೆದ್ದಿದ್ದರು. ನೊರಿಯೆಗಾ ಆ ಚುನಾವಣೆಯನ್ನೇ ರದ್ದು ಮಾಡಿಸಿದ್ದ. ಆದರೆ ಎಂಡಾರಾ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅಮೆರಿಕದ ಸೇನಾ ನೆಲೆಯಲ್ಲಿ, ದಾಳಿ ಶುರುವಾಗುವ ಹೊತ್ತಿಗೆ. ಹೊರಟು ನಿಂತ ಅತಿಥಿಯೇ ಆಮಂತ್ರಣ ಪತ್ರ ಬರೆಸಿಕೊಂಡಂತೆ. ಎಂಡಾರಾ ಗೆದ್ದವರು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ದಾಳಿಯ ನಿರ್ಧಾರ ಅವರದಾಗಿರಲಿಲ್ಲ.

ಇನ್ನು ಮಾದಕವಸ್ತುವಿನ ವಾದ. ಕೊಕೇನ್ ಸಾವಿರಾರು ಜನರನ್ನು ಕೊಲ್ಲುತ್ತದೆ, ಆದ್ದರಿಂದ ಕೊಕೇನ್ ಕಳಿಸುವುದು ಸಶಸ್ತ್ರ ದಾಳಿಗೆ ಸಮ ಎನ್ನುವವರಿದ್ದಾರೆ. ನನಗೆ ಇದು ನಿಲ್ಲುವ ವಾದವಾಗಿ ಕಾಣುವುದಿಲ್ಲ. ಕಳ್ಳಸಾಗಣೆ ಅಪರಾಧ, ಯುದ್ಧವಲ್ಲ. ಅದನ್ನು ಎದುರಿಸಲು ಆರೋಪಿಗಳನ್ನು ಒಂದು ದೇಶ ಇನ್ನೊಂದಕ್ಕೆ ಒಪ್ಪಿಸುವ ಹಸ್ತಾಂತರ ಒಪ್ಪಂದಗಳಿವೆ, ನಿರ್ಬಂಧಗಳಿವೆ. ಅದಕ್ಕಿಂತ ಮುಖ್ಯವಾಗಿ, ದೋಷಾರೋಪವೇ ದಾಳಿಗೆ ಪರವಾನಗಿ ಎಂದು ಒಪ್ಪಿದರೆ ಪರವಾನಗಿ ಎಲ್ಲರ ಬಳಿಯೂ ಇದೆ. 2020ರ ಜೂನ್‌ನಲ್ಲಿ ಇರಾನ್ ತನ್ನ ಸೇನಾನಾಯಕ ಸುಲೈಮಾನಿಯ ಹತ್ಯೆಗಾಗಿ ಆಗ ಅಧಿಕಾರದಲ್ಲಿದ್ದ ಡೊನಾಲ್ಡ್ ಟ್ರಂಪ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತ್ತು. 2024ರ ಮೇ ತಿಂಗಳಲ್ಲಿ ರಷ್ಯಾ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿಯ ಹೆಸರನ್ನು ತನಗೆ ಬೇಕಾದ ಆರೋಪಿಗಳ ಪಟ್ಟಿಗೆ ಸೇರಿಸಿತು. ದೋಷಾರೋಪ ಪಟ್ಟಿ ಬರೆಯಲು ಒಬ್ಬ ಸರ್ಕಾರಿ ವಕೀಲ ಸಾಕು. ಅದನ್ನೇ ಹಿಡಿದುಕೊಂಡು ಕ್ಷಿಪಣಿ ಹಾರಿಸಬಹುದಾದರೆ 2ನೇ ವಿಧಿಯಲ್ಲಿ ಉಳಿಯುವುದೇನು?

ಅಮೆರಿಕದೊಳಗೇ ಈ ಬಗ್ಗೆ ಒಂದು ಕಡತವಿದೆ. 1980ರಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆಯ ಕಾನೂನು ಸಲಹಾ ವಿಭಾಗ, ಬೇರೆ ದೇಶದ ಒಪ್ಪಿಗೆ ಇಲ್ಲದೆ ಎಫ್‌ಬಿಐ ಅಲ್ಲಿ ಹೋಗಿ ಯಾರನ್ನೂ ಬಂಧಿಸುವಂತಿಲ್ಲ ಎಂದಿತ್ತು. 1989ರ ಜೂನ್‌ನಲ್ಲಿ, ಅಂದರೆ ಪನಾಮಾ ದಾಳಿಗೆ ಆರು ತಿಂಗಳು ಮುಂಚೆ, ಅದೇ ವಿಭಾಗದ ಮುಖ್ಯಸ್ಥ ವಿಲಿಯಂ ಬಾರ್ ಆ ಅಭಿಪ್ರಾಯವನ್ನು ತಿರುಗಿಸಿ ಬರೆದರು: ರೂಢಿಗತ ಅಂತರರಾಷ್ಟ್ರೀಯ ಕಾನೂನಿಗಾಗಲಿ ಸನ್ನದಿನ ಆ ವಿಧಿಗಾಗಲಿ ವಿರುದ್ಧವಾಗಿದ್ದರೂ ಅಧ್ಯಕ್ಷರು ಇಂಥ ಬಂಧನಕ್ಕೆ ಆದೇಶ ನೀಡಬಹುದು. ಗಮನಿಸಿ: ಇದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯಲ್ಲ ಎಂದು ಆ ಟಿಪ್ಪಣಿ ವಾದಿಸುವುದಿಲ್ಲ. ಉಲ್ಲಂಘನೆಯಾದರೂ ನಮ್ಮ ದೇಶದ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ ಎನ್ನುತ್ತದೆ. ಬಹಳ ಜನ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಹೇಗೆ ಬಂದೆ ಎಂದು ಕೇಳದ ನ್ಯಾಯಾಲಯ

ಈಗ ಎರಡನೆಯ ಪ್ರಶ್ನೆ. ಇದರ ಬೇರು 19ನೇ ಶತಮಾನದ ಒಂದು ಕಳ್ಳತನದ ಪ್ರಕರಣದಲ್ಲಿದೆ.

ಶಿಕಾಗೋದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಕೆರ್ ಹಣ ಲಪಟಾಯಿಸಿ ಪೆರುವಿಗೆ ಓಡಿಹೋದ. ಅಮೆರಿಕಕ್ಕೂ ಪೆರುವಿಗೂ ಹಸ್ತಾಂತರ ಒಪ್ಪಂದ ಇತ್ತು. ಅದರಂತೆ ಬೇಕಾದ ಕಾಗದಪತ್ರಗಳನ್ನೆಲ್ಲ ಸಿದ್ಧಪಡಿಸಿ, ಅಧ್ಯಕ್ಷರ ಸಹಿ ಹಾಕಿಸಿ, ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರ ಹೆನ್ರಿ ಜೂಲಿಯನ್ ಕೈಗೆ ಕೊಟ್ಟು ಕಳಿಸಿದರು. ಜೂಲಿಯನ್ ಲಿಮಾ ತಲುಪಿದಾಗ ನಗರ ಚಿಲಿಯ ಸೇನೆಯ ವಶದಲ್ಲಿತ್ತು. ಕಾಗದ ಕೊಡೋಣವೆಂದರೆ ತೆಗೆದುಕೊಳ್ಳಲು ಪೆರು ಸರ್ಕಾರವೇ ಅಲ್ಲಿರಲಿಲ್ಲ. ಆತ ಕಾಗದಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಕೆರ್‌ನನ್ನು ಬಲವಂತವಾಗಿ ಹಿಡಿದು ಅಮೆರಿಕದ ಹಡಗಿಗೆ ಹತ್ತಿಸಿದ. ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೊ ದಾಟಿ ಕೊನೆಗೆ ಇಲಿನಾಯ್ ರಾಜ್ಯದ ನ್ಯಾಯಾಲಯ.

ನನ್ನನ್ನು ಅಪಹರಿಸಿ ತಂದಿದ್ದಾರೆ, ಈ ವಿಚಾರಣೆ ನಡೆಯಕೂಡದು ಎಂದು ಕೆರ್ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದ. 1886ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಅಪಹರಣ ತಪ್ಪಿರಬಹುದು, ಅದಕ್ಕಾಗಿ ನೀನು ಜೂಲಿಯನ್ ಮೇಲೆ ದಾವೆ ಹೂಡಬಹುದು, ಪೆರು ಬೇಕಾದರೆ ಅವನನ್ನು ತನಗೊಪ್ಪಿಸುವಂತೆ ಕೇಳಬಹುದು. ಆದರೆ ಆರೋಪಿ ಕಣ್ಣೆದುರು ನಿಂತಿರುವಾಗ ಹೇಗೆ ಬಂದ ಎಂಬ ಕಾರಣಕ್ಕೆ ವಿಚಾರಣೆ ನಿಲ್ಲುವುದಿಲ್ಲ. 1952ರಲ್ಲಿ ಫ್ರಿಸ್ಬಿ ಎಂಬ ಇನ್ನೊಂದು ಪ್ರಕರಣ ಇದನ್ನು ಗಟ್ಟಿ ಮಾಡಿತು. ಎರಡೂ ಸೇರಿ ‘ಕೆರ್–ಫ್ರಿಸ್ಬಿ ಸಿದ್ಧಾಂತ’ ಎನಿಸಿಕೊಂಡವು.

ಇದರ ಅತಿರೇಕ ಕಂಡದ್ದು 1992ರಲ್ಲಿ. ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆಯ ಏಜೆಂಟ್ ಎನ್ರಿಕೆ ಕಮರೆನಾನನ್ನು 1985ರಲ್ಲಿ ಮೆಕ್ಸಿಕೊದಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಲಾಗಿತ್ತು. ಆ ಹಿಂಸೆ ಮುಂದುವರಿಯಲೆಂದು ಆತನನ್ನು ಔಷಧಿ ಕೊಟ್ಟು ಜೀವಂತ ಇಟ್ಟ ಆರೋಪ ಗ್ವಾದಲಹಾರಾದ ಒಬ್ಬ ವೈದ್ಯನ ಮೇಲಿತ್ತು. 1990ರ ಏಪ್ರಿಲ್‌ನಲ್ಲಿ ಆ ವೈದ್ಯನನ್ನು ಆತನ ದವಾಖಾನೆಯಿಂದಲೇ ಎತ್ತಿಕೊಂಡು ಖಾಸಗಿ ವಿಮಾನದಲ್ಲಿ ಟೆಕ್ಸಾಸ್‌ಗೆ ತಂದರು. ಮೆಕ್ಸಿಕೊ ಸರ್ಕಾರ ಇತ್ತು, ಒಪ್ಪಂದ ಇತ್ತು, ಕೇಳುವ ದಾರಿ ಇತ್ತು. ಕೆರ್ ಕಾಲದ ನೆಪ ಒಂದೂ ಇರಲಿಲ್ಲ. ಮೆಕ್ಸಿಕೊ ಅಧಿಕೃತವಾಗಿ ಪ್ರತಿಭಟಿಸಿತು. ಆದರೂ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ವಿಚಾರಣೆಗೆ ಹಸಿರು ನಿಶಾನೆ ತೋರಿಸಿತು. ಹಸ್ತಾಂತರ ಒಪ್ಪಂದದಲ್ಲಿ ಅಪಹರಣ ಮಾಡಬಾರದು ಎಂದು ಬರೆದಿಲ್ಲವಲ್ಲ ಎಂಬುದು ಬಹುಮತದ ತರ್ಕ. ಬಾಗಿಲಿನಿಂದ ಬರುವ ವಿಧಾನವನ್ನು ಇಷ್ಟುದ್ದ ಬರೆದುಕೊಂಡವರು ಗೋಡೆ ಒಡೆದು ಬರಬೇಡಿ ಎಂದೂ ಪ್ರತ್ಯೇಕವಾಗಿ ಬರೆಯಬೇಕಿತ್ತಂತೆ! ನ್ಯಾಯಮೂರ್ತಿ ಸ್ಟೀವನ್ಸ್ ತಮ್ಮ ಭಿನ್ನಮತದಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಕತೆಯ ಕೊನೆ ಇನ್ನೂ ವಿಚಿತ್ರ: ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಚಾರಣಾ ನ್ಯಾಯಾಧೀಶರು ಸಾಕ್ಷ್ಯ ಸಾಲದೆಂದು ವೈದ್ಯನನ್ನು ಖುಲಾಸೆ ಮಾಡಿ ಮನೆಗೆ ಕಳಿಸಿದರು.

ಕೆಳ ನ್ಯಾಯಾಲಯವೊಂದು 1974ರಲ್ಲಿ ಟೊಸ್ಕನಿನೊ ಪ್ರಕರಣದಲ್ಲಿ ಒಂದು ಕಿಂಡಿ ತೆರೆದಿತ್ತು: ಸರ್ಕಾರಿ ಏಜೆಂಟರೇ ಆರೋಪಿಗೆ ಚಿತ್ರಹಿಂಸೆ ಕೊಟ್ಟು ತಂದಿದ್ದರೆ ನ್ಯಾಯಾಲಯ ಕೈ ತೊಳೆದುಕೊಳ್ಳಬಹುದು ಎಂದು. ಮರುವರ್ಷವೇ ಅದೇ ನ್ಯಾಯಾಲಯ ಆ ಕಿಂಡಿಯನ್ನು ಕಿರಿದು ಮಾಡಿತು. ಅಮಾನುಷ ಹಿಂಸೆ ಸಾಬೀತಾದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಇದು ಅಮೆರಿಕದ ಹಠ ಮಾತ್ರವಲ್ಲ. 1960ರ ಮೇ 11ರ ಸಂಜೆ ಬ್ಯೂನಸ್ ಐರಿಸ್‌ನಲ್ಲಿ ಬಸ್ಸಿಳಿದು ಮನೆಗೆ ನಡೆಯುತ್ತಿದ್ದ ಮಾಜಿ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್‌ನನ್ನು ಇಸ್ರೇಲಿ ಏಜೆಂಟರು ಹಿಡಿದರು. ಅಮಲಿನ ಔಷಧಿ ಚುಚ್ಚಿ, ವಿಮಾನ ಸಿಬ್ಬಂದಿಯ ಉಡುಪು ತೊಡಿಸಿ ದೇಶದಿಂದ ಹೊರಗೆ ಸಾಗಿಸಿದರು. ಅರ್ಜೆಂಟೀನಾ ದೂರು ಒಯ್ದಾಗ ಭದ್ರತಾ ಮಂಡಳಿ ತನ್ನ 138ನೇ ನಿರ್ಣಯದಲ್ಲಿ ಇಂಥ ಕೃತ್ಯಗಳು ಮರುಕಳಿಸಿದರೆ ಜಗತ್ತಿನ ಶಾಂತಿಗೆ ಅಪಾಯ ಎಂದಿತು, ಸೂಕ್ತ ಪರಿಹಾರ ನೀಡುವಂತೆ ಇಸ್ರೇಲಿಗೆ ಹೇಳಿತು, ಆದರೆ ಐಕ್‌ಮನ್‌ನನ್ನು ಹಿಂದಿರುಗಿಸಿ ಎನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ನಿರ್ಣಯ. ಆಗಸ್ಟ್‌ನಲ್ಲಿ ಎರಡೂ ದೇಶಗಳು ಜಂಟಿ ಹೇಳಿಕೆ ನೀಡಿ ವಿಷಯ ಮುಗಿಯಿತು ಎಂದವು. ಜೆರುಸಲೆಮ್‌ನಲ್ಲಿ ವಿಚಾರಣೆ ನಡೆಯಿತು, 1962ರಲ್ಲಿ ಗಲ್ಲು. ಲಕ್ಷಾಂತರ ಯಹೂದಿಗಳ ಸಾಮೂಹಿಕ ಹತ್ಯೆಯ ವ್ಯವಸ್ಥೆ ನಡೆಸಿದವನ ಪರವಾಗಿ ಕಾನೂನಿನ ತಕರಾರು ಎತ್ತಲು ಯಾರಿಗೂ ಮನಸ್ಸಿರಲಿಲ್ಲ. ಅದು ಅರ್ಥವಾಗುವಂಥದ್ದೇ. ಆದರೆ ಆ ಒಂದು ಪ್ರಕರಣದ ನೈತಿಕ ತೂಕವನ್ನು ನಂತರದವರು ಕೊಕೇನ್ ಪ್ರಕರಣಗಳಿಗೂ ಎರವಲು ಪಡೆಯುತ್ತ ಬಂದಿದ್ದಾರೆ.

ಎಲ್ಲ ನ್ಯಾಯಾಲಯಗಳೂ ಹೀಗೆ ಕಣ್ಣುಮುಚ್ಚಿ ಕೂರುವುದಿಲ್ಲ. ಆಶ್ಚರ್ಯವೆಂದರೆ ಇದಕ್ಕೆ ಒಳ್ಳೆಯ ಉದಾಹರಣೆ ವರ್ಣಭೇದ ನೀತಿ ಇನ್ನೂ ಪೂರ್ತಿ ಕೊನೆಗೊಂಡಿರದ ದಕ್ಷಿಣ ಆಫ್ರಿಕಾದಿಂದ ಬಂತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಎಬ್ರಾಹಿಂ ಎಂಬ ಕಾರ್ಯಕರ್ತರನ್ನು ಸ್ವಾಜಿಲ್ಯಾಂಡ್‌ನಿಂದ ಅಪಹರಿಸಿ ತಂದು ದೇಶದ್ರೋಹಕ್ಕೆ 20 ವರ್ಷ ಶಿಕ್ಷೆ ಕೊಡಲಾಗಿತ್ತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಮೊಕದ್ದಮೆ ಹೂಡುವ ಸರ್ಕಾರ ಶುದ್ಧ ಹಸ್ತದಿಂದ ಬರಬೇಕು ಎಂದು ಹೇಳಿ ಆ ಶಿಕ್ಷೆಯನ್ನು ಕಿತ್ತುಹಾಕಿತು. 1993ರಲ್ಲಿ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಬೆನೆಟ್ ಪ್ರಕರಣದಲ್ಲಿ, ಹಸ್ತಾಂತರದ ನಿಯಮಗಳನ್ನು ಗಾಳಿಗೆ ತೂರಿ ಆರೋಪಿಯನ್ನು ತಂದಿದ್ದರೆ ವಿಚಾರಣೆ ನಿಲ್ಲಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದಿತು. ಅಂದರೆ ಇಂಥವರ ವಿಚಾರಣೆ ನಡೆಸಲೇಬೇಕಾದ ಕಟ್ಟುಪಾಡೇನೂ ಇಲ್ಲ. ನಡೆಸುವುದು ಅಮೆರಿಕದ ನ್ಯಾಯಾಲಯಗಳು ತಾವೇ ಮಾಡಿಕೊಂಡ ಆಯ್ಕೆ.

ಪದವಿಯ ಕವಚ

ಇಲ್ಲಿಯವರೆಗೆ ಬಂದವರು ಸಾಮಾನ್ಯ ಆರೋಪಿಗಳು. ಆರೋಪಿ ದೇಶದ ಮುಖ್ಯಸ್ಥನಾಗಿದ್ದರೆ ಲೆಕ್ಕ ಬದಲಾಗುತ್ತದೆ.

ರಕ್ಷಣೆ ಎರಡು ಬಗೆಯದು. ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವ ಇವರಿಗೆ ವೈಯಕ್ತಿಕ ರಕ್ಷಣೆ ಇರುತ್ತದೆ. ಏನೇ ಮಾಡಿದ್ದರೂ, ಯಾವಾಗ ಮಾಡಿದ್ದರೂ, ಕುರ್ಚಿಯಲ್ಲಿರುವಷ್ಟು ದಿನ ಬೇರೆ ದೇಶದ ನ್ಯಾಯಾಲಯ ಮುಟ್ಟುವಂತಿಲ್ಲ. ಕುರ್ಚಿ ಹೋದೊಡನೆ ಈ ಕವಚವೂ ಕಳಚುತ್ತದೆ. ಆಮೇಲೆ ಉಳಿಯುವುದು ಎರಡನೆಯದು: ಅಧಿಕಾರದಲ್ಲಿದ್ದಾಗ ಸರ್ಕಾರದ ಪರವಾಗಿ ಮಾಡಿದ ಕೆಲಸಗಳಿಗೆ ಮಾತ್ರ ರಕ್ಷಣೆ.

ಮೊದಲನೆಯ ಕವಚ ಎಷ್ಟು ಗಟ್ಟಿ ಎಂಬುದು 2002ರ ಫೆಬ್ರವರಿ 14ರಂದು ಗೊತ್ತಾಯಿತು. ಕಾಂಗೋದ ವಿದೇಶಾಂಗ ಸಚಿವರಾಗಿದ್ದ ಯೆರೋಡಿಯಾ ಮೇಲೆ ಬೆಲ್ಜಿಯಂನ ನ್ಯಾಯಾಧೀಶರೊಬ್ಬರು ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧದ ವಾರಂಟ್ ಹೊರಡಿಸಿದ್ದರು. ವಾರಂಟ್ ಹೊರಡಿಸಿ ಹಂಚಿದ್ದೇ ಕಾನೂನಿನ ಉಲ್ಲಂಘನೆ, ಅದನ್ನು ರದ್ದು ಮಾಡಿ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಬೆಲ್ಜಿಯಂಗೆ ಆದೇಶಿಸಿತು. ಅಲ್ಲಿ ಯಾರನ್ನೂ ಬಂಧಿಸಿರಲಿಲ್ಲ. ಬರೀ ಕಾಗದ ಓಡಾಡಿತ್ತು, ಅಷ್ಟೇ.

ಎರಡನೆಯದು ಅಷ್ಟು ಗಟ್ಟಿಯಲ್ಲ. 1998ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆಯನ್ನು ಸ್ಪೇನಿನ ವಾರಂಟಿನ ಮೇಲೆ ಬ್ರಿಟಿಷ್ ಪೊಲೀಸರು ಬಂಧಿಸಿದರು. ಚಿತ್ರಹಿಂಸೆಯನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಮಾಜಿ ಮುಖ್ಯಸ್ಥ ಚಿತ್ರಹಿಂಸೆಯನ್ನು ಸರ್ಕಾರಿ ಕೆಲಸ ಎಂದು ಹೇಳಿಕೊಂಡು ಪಾರಾಗುವಂತಿಲ್ಲ ಎಂದು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಆರೋಗ್ಯದ ಕಾರಣಕ್ಕೆ ಪಿನೊಚೆ ಕೊನೆಗೆ ಊರಿಗೆ ಮರಳಿದ್ದು ಬೇರೆ ಮಾತು.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ದಾರಿ ಬೇರೆ. ಅದನ್ನು ಸ್ಥಾಪಿಸಿದ ರೋಮ್ ಶಾಸನದ 27ನೇ ವಿಧಿ ಪದವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುಡಾನಿನ ಬಷೀರ್, ರಷ್ಯಾದ ಪುಟಿನ್, ಇಸ್ರೇಲಿನ ನೆತನ್ಯಾಹು, ಮೂವರ ಮೇಲೂ ಅಧಿಕಾರದಲ್ಲಿದ್ದಾಗಲೇ ವಾರಂಟ್ ಹೊರಟಿದೆ. ಆದರೆ ಆ ನ್ಯಾಯಾಲಯಕ್ಕೆ ತನ್ನದೇ ಪೊಲೀಸರಿಲ್ಲ. ಸದಸ್ಯ ದೇಶಗಳೇ ಹಿಡಿದು ಕೊಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಸದಸ್ಯ ದೇಶವಾದ ಮಂಗೋಲಿಯಾಕ್ಕೆ ಪುಟಿನ್ ಭೇಟಿ ಕೊಟ್ಟಾಗ ಬೇಡಿಯ ಬದಲು ರತ್ನಗಂಬಳಿಯ ಸ್ವಾಗತ ಸಿಕ್ಕಿತು. ಮಾದಕವಸ್ತು ಸಾಗಣೆಯಂತೂ ಆ ನ್ಯಾಯಾಲಯದ ವ್ಯಾಪ್ತಿಯಲ್ಲೇ ಇಲ್ಲ.

ನಾಯಕ ಯಾರು ಎಂದು ಹೇಳುವವರು ಯಾರು?

ಮತ್ತೆ ನೊರಿಯೆಗಾ. ಮಯಾಮಿಯ ನ್ಯಾಯಾಧೀಶ ವಿಲಿಯಂ ಹೋವೆಲರ್ ಮುಂದೆ ಆತನ ವಕೀಲರು ಮೂರೂ ವಾದ ಇಟ್ಟರು: ದಾಳಿ ಅಕ್ರಮ, ತಂದ ರೀತಿ ಅಕ್ರಮ, ಆತ ದೇಶದ ಮುಖ್ಯಸ್ಥ. 1990ರಲ್ಲಿ ನ್ಯಾಯಾಧೀಶರು ಮೂರನ್ನೂ ತಳ್ಳಿಹಾಕಿದರು. ಸನ್ನದಿನ ಉಲ್ಲಂಘನೆ ಆಗಿದ್ದರೆ ತಕರಾರು ಎತ್ತಬೇಕಾದ್ದು ಪನಾಮಾ ದೇಶ, ಆರೋಪಿಯಲ್ಲ; ಎಂಡಾರಾ ಸರ್ಕಾರ ತಕರಾರು ಎತ್ತಿರಲಿಲ್ಲ. ದಾಳಿಯಲ್ಲಿ ನೂರಾರು ಪನಾಮಾ ಪ್ರಜೆಗಳು ಸತ್ತಿದ್ದರೂ ಆ ಹಿಂಸೆ ನಡೆದದ್ದು ನೊರಿಯೆಗಾನ ಮೈಮೇಲಲ್ಲ, ಹಾಗಾಗಿ ಟೊಸ್ಕನಿನೊ ಕಿಂಡಿಯೂ ತೆರೆಯಲಿಲ್ಲ. ಇನ್ನು ಪದವಿ: ಅಮೆರಿಕ ಆತನನ್ನು ಎಂದೂ ಪನಾಮಾದ ಮುಖ್ಯಸ್ಥ ಎಂದು ಮಾನ್ಯ ಮಾಡಿರಲಿಲ್ಲ. ಪನಾಮಾದ ಸಂವಿಧಾನದ ಪ್ರಕಾರವೂ ಆತ ಸೇನಾ ಮುಖ್ಯಸ್ಥ. ಅಧ್ಯಕ್ಷರು ಬೇರೆಯವರು ಇರುತ್ತಿದ್ದರು, ಸೂತ್ರ ಮಾತ್ರ ಈತನ ಕೈಯಲ್ಲಿ.

1992ರಲ್ಲಿ ಶಿಕ್ಷೆಯಾಯಿತು: ಹತ್ತರಲ್ಲಿ ಎಂಟು ಆರೋಪ ಸಾಬೀತು, 40 ವರ್ಷ. ಅದು ಆಮೇಲೆ 30ಕ್ಕೆ ಇಳಿಯಿತು. ಶಿಕ್ಷೆ ಕೊಟ್ಟ ವರ್ಷದ ಡಿಸೆಂಬರ್‌ನಲ್ಲೇ ಅದೇ ಹೋವೆಲರ್ ಇನ್ನೊಂದು ತೀರ್ಪು ಕೊಟ್ಟರು: ನೊರಿಯೆಗಾ ಯುದ್ಧಕೈದಿ, ಮೂರನೆಯ ಜಿನೀವಾ ಒಪ್ಪಂದದ ಸೌಲಭ್ಯಗಳೆಲ್ಲ ಆತನಿಗೆ ಸಲ್ಲಬೇಕು. ಹಾಗೆ ಆತ ಮಾದಕವಸ್ತು ಪ್ರಕರಣದ ಅಪರಾಧಿಯೂ ಹೌದು, ಸೆರೆಸಿಕ್ಕ ಜನರಲ್ ಕೂಡ ಹೌದು. ಬಂಧನವೋ ಯುದ್ಧವೋ ಎಂದು ಕೇಳಿದರೆ ಅಮೆರಿಕದ ನ್ಯಾಯಾಲಯದ ಉತ್ತರ: ಎರಡೂ.

ಇಡೀ ಕಟ್ಟಡದ ದುರ್ಬಲ ಕಂಬ ಈ ‘ಮಾನ್ಯತೆ’ ಎಂದು ನನಗನ್ನಿಸುತ್ತದೆ. ಯಾವ ವಿದೇಶಿ ಸರ್ಕಾರವನ್ನು ಮಾನ್ಯ ಮಾಡಬೇಕೆಂಬುದು ಅಧ್ಯಕ್ಷರೊಬ್ಬರಿಗೇ ಬಿಟ್ಟ ಅಧಿಕಾರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗಾದರೆ ಹಿಡಿಯಲು ಆದೇಶ ಕೊಡುವ ವ್ಯಕ್ತಿಯೇ ಹಿಡಿಯಲ್ಪಟ್ಟವನು ನಾಯಕನಲ್ಲ ಎಂದೂ ಘೋಷಿಸಬಹುದು. ವಾದಿಯೂ ಅವರೇ, ಸಾಕ್ಷಿಯೂ ಅವರೇ. ಅಂತರರಾಷ್ಟ್ರೀಯ ಕಾನೂನು ನೋಡುವುದು ಬೇರೆಯದನ್ನು: ದೇಶದ ಆಡಳಿತದ ಮೇಲೆ ನಿಜವಾದ ಹಿಡಿತ ಯಾರದು, ಇತರ ದೇಶಗಳು ಯಾರೊಂದಿಗೆ ವ್ಯವಹರಿಸುತ್ತಿವೆ ಎಂಬುದನ್ನು.

ಮಡೂರೊ ಪ್ರಕರಣ ನೊರಿಯೆಗಾ ಪ್ರಕರಣದ ನಕಲು ಅಲ್ಲ ಎನ್ನುವುದು ಇದೇ ಕಾರಣಕ್ಕೆ. ಅಮೆರಿಕ 2019ರಲ್ಲೇ ಅವರ ಮಾನ್ಯತೆ ಹಿಂತೆಗೆದುಕೊಂಡು ವಿರೋಧ ಪಕ್ಷದ ಹುವಾನ್ ಗುಐಡೊ ಅವರನ್ನು ಮಾನ್ಯ ಮಾಡಿತ್ತು. 2020ರ ಮಾರ್ಚ್‌ನಲ್ಲಿ ದೋಷಾರೋಪ ಹೊರಿಸಿ 1.5 ಕೋಟಿ ಡಾಲರ್ ಬಹುಮಾನ ಘೋಷಿಸಿತು. 2025ರ ಆಗಸ್ಟ್ ಹೊತ್ತಿಗೆ ಅದು 5 ಕೋಟಿಗೆ ಏರಿತ್ತು. 2024ರ ಚುನಾವಣೆಯಲ್ಲಿ ಅಕ್ರಮ ನಡೆಯಿತೆಂದು ಹಲವು ದೇಶಗಳು ಫಲಿತಾಂಶ ಒಪ್ಪಲಿಲ್ಲ. ಇವೆಲ್ಲ ಅಮೆರಿಕದ ಸರ್ಕಾರಿ ವಕೀಲರ ಪಕ್ಷಕ್ಕೆ ಬಲ. ಆದರೆ ನೊರಿಯೆಗಾನಂತೆ ಮಡೂರೊ ತೆರೆಮರೆಯವರಲ್ಲ. ಅಧ್ಯಕ್ಷ ಪದವಿಯ ಪ್ರಮಾಣವಚನ ಸ್ವೀಕರಿಸಿದ್ದರು, ವಿಶ್ವಸಂಸ್ಥೆಯಲ್ಲಿ ವೆನೆಜುವೆಲಾದ ಕುರ್ಚಿ ಅವರ ಸರ್ಕಾರದ್ದೇ ಆಗಿತ್ತು, ರಷ್ಯಾ, ಚೀನಾ ಅವರೊಂದಿಗೇ ವ್ಯವಹರಿಸುತ್ತಿದ್ದವು. ಇನ್ನೂ ತೊಡಕಿನ ಸಂಗತಿ: ಪನಾಮಾದಲ್ಲಿ ಚುನಾವಣೆ ಗೆದ್ದವರು ಅಧಿಕಾರಕ್ಕೆ ಬಂದರು; ಕರಾಕಸ್‌ನಲ್ಲಿ ಮಡೂರೊ ಹೋದ ಮೇಲೆ ಆಡಳಿತ ವಹಿಸಿಕೊಂಡದ್ದು ಅವರದೇ ಉಪಾಧ್ಯಕ್ಷೆ ಡೆಲ್ಸಿ ರೊಡ್ರಿಗಸ್. ಅಧ್ಯಕ್ಷ ಅಕ್ರಮ, ಅವರು ನೇಮಿಸಿದ ಉಪಾಧ್ಯಕ್ಷೆಯೊಂದಿಗೆ ಮಾತುಕತೆ ಸಕ್ರಮ ಎಂದು ವಾದಿಸಲು ವಕೀಲರಿಗೆ ನಾಲಿಗೆ ಚುರುಕಾಗಿರಬೇಕು.

ಹೀಗಿದ್ದೂ ಕೆರ್–ಫ್ರಿಸ್ಬಿಯ ನೆರಳಲ್ಲಿ ಕುಳಿತ ಅಮೆರಿಕದ ನ್ಯಾಯಾಧೀಶರು ತಂದ ರೀತಿ ಸರಿಯಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಕರಣ ಕೈಬಿಡುವ ಸಾಧ್ಯತೆ ಬಹಳ ಕಡಿಮೆ. ನಿಜವಾದ ಜಗ್ಗಾಟ ಪದವಿಯ ರಕ್ಷಣೆಯ ಮೇಲೆ.

ಹಾಗಾದರೆ ನಾಯಕರನ್ನು ಕಾನೂನಿನ ದಾರಿಯಲ್ಲಿ ಹಿಡಿಯಲು ಆಗುವುದೇ ಇಲ್ಲವೇ? ಆಗುತ್ತದೆ, ನಿಧಾನವಾಗಿ. ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಕ್ ಮೇಲೆ 1999ರಲ್ಲಿ ಅಧಿಕಾರದಲ್ಲಿದ್ದಾಗಲೇ ದೋಷಾರೋಪ ಬಂತು. 2001ರಲ್ಲಿ ಸರ್ಬಿಯಾ ಸರ್ಕಾರವೇ ಬಂಧಿಸಿ ಹೇಗ್‌ಗೆ ಒಪ್ಪಿಸಿತು. ಲೈಬೀರಿಯಾದ ಅಧ್ಯಕ್ಷ ಚಾರ್ಲ್ಸ್ ಟೇಲರ್ ಮೇಲಿನ ಆರೋಪಪಟ್ಟಿ 2003ರಲ್ಲಿ ಬಹಿರಂಗವಾಯಿತು, 2006ರಲ್ಲಿ ನೈಜೀರಿಯಾದ ಗಡಿಯಲ್ಲಿ ಸಿಕ್ಕಿಬಿದ್ದ, 2012ರಲ್ಲಿ 50 ವರ್ಷದ ಶಿಕ್ಷೆ. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆಯನ್ನು 2025ರ ಮಾರ್ಚ್‌ನಲ್ಲಿ ಮನಿಲಾದಲ್ಲಿ ಅವರದೇ ದೇಶದ ಪೊಲೀಸರು ಬಂಧಿಸಿ ಹೇಗ್‌ಗೆ ಕಳಿಸಿದರು. ಮಾದಕವಸ್ತು ಪ್ರಕರಣವೇ ಬೇಕೆಂದರೆ ಹೊಂಡುರಾಸ್‌ನ ಮಾಜಿ ಅಧ್ಯಕ್ಷ ಹುವಾನ್ ಒರ್ಲಾಂಡೊ ಹೆರ್ನಾಂಡೆಸ್ ಇದ್ದಾರೆ: 2022ರಲ್ಲಿ ಅವರ ದೇಶವೇ ಕ್ರಮಬದ್ಧವಾಗಿ ಹಸ್ತಾಂತರಿಸಿತು, 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ 45 ವರ್ಷ ಶಿಕ್ಷೆ ಕೊಟ್ಟಿತು. ಒಂದು ಗುಂಡೂ ಹಾರಲಿಲ್ಲ. 2025ರ ಕೊನೆಯಲ್ಲಿ ಅಧ್ಯಕ್ಷ ಟ್ರಂಪ್ ಅವರಿಗೆ ಕ್ಷಮಾದಾನ ನೀಡಿ ಬಿಡುಗಡೆ ಮಾಡಿದರು. ತಿಂಗಳೊಂದರ ಬಳಿಕ ಕರಾಕಸ್ ದಾಳಿ. ಮಾದಕವಸ್ತುವಿನ ವಿರುದ್ಧದ ಯುದ್ಧ ಎಂಬ ಸಮರ್ಥನೆಯನ್ನು ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಇನ್ನು ಅಕ್ರಮವಾಗಿ ಹಿಡಿದವರಿಗೆ ಏನು ಶಿಕ್ಷೆ? ಭದ್ರತಾ ಮಂಡಳಿಯಲ್ಲಿ ವಿಟೊ ಇದೆ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣವೆಂದರೆ, ತನ್ನ ವಿರುದ್ಧ ನಿಕರಾಗುವಾ ದೇಶ ಅಲ್ಲಿ ದಾವೆ ಹೂಡಿದ ಮೇಲೆ 1985ರಲ್ಲೇ ಅಮೆರಿಕ ಆ ನ್ಯಾಯಾಲಯದ ಕಡ್ಡಾಯ ವ್ಯಾಪ್ತಿಯಿಂದ ಹೊರಬರುವುದಾಗಿ ಘೋಷಿಸಿತು. ಗ್ವಾದಲಹಾರಾದ ಆ ವೈದ್ಯ ತನ್ನ ಅಪಹರಣಕ್ಕೆ ಪರಿಹಾರ ಕೇಳಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2004ರಲ್ಲಿ ಸೋತ. ಆತನ ಪ್ರಕರಣದಿಂದ ಕೆರಳಿದ ಮೆಕ್ಸಿಕೊ ಮಾತ್ರ ಹೊಸ ಒಪ್ಪಂದಕ್ಕೆ ಪಟ್ಟು ಹಿಡಿಯಿತು. ಗಡಿಯಾಚೆಯಿಂದ ಯಾರನ್ನೂ ಅಪಹರಿಸುವಂತಿಲ್ಲ ಎಂದು ನೇರವಾಗಿ ಬರೆದ ಆ ಒಪ್ಪಂದಕ್ಕೆ 1994ರ ನವೆಂಬರ್‌ನಲ್ಲಿ ಎರಡೂ ದೇಶಗಳು ಸಹಿ ಹಾಕಿದವು. ಅಮೆರಿಕ ಅದನ್ನು ಈವರೆಗೆ ಅನುಮೋದಿಸಿಲ್ಲ.